ಎಂಬತ್ತೇಳನೆಯ ಖಾನೆ

ಬಂದರಿನ ಗ್ರಂದಿಗೆ ಅಂಗಡಿಯಲ್ಲಿ
ನೂರಾ ಹನ್ನೆರಡು ಖಾನೆ. ಎಣಿಸುವುದು ನನ್ನ ಕೆಲಸ.
ಅಳಲೆ, ಅಜಮೋದ, ಅತಿಮಧುರ...
ಜಿಎಸ್‌ಟಿ ಪಟ್ಟಿಗೆ ಒಂದೊಂದರ ಸಂಖ್ಯೆ, ತೂಕ,
ಹುಟ್ಟಿದ ದೇಶ.

ಎಂಬತ್ತೇಳನೆಯದು ಎಳೆದರೆ ಬರಲಿಲ್ಲ.
ಉಪ್ಪುಗಾಳಿಗೆ ಉಬ್ಬಿದ ಹಲಸಿನ ಹಲಗೆ.
ಗುದ್ದಿ ತೆರೆದೆ. ಒಳಗೆ ಕೆಂಪು ಬೇರು, ಗಂಟುಗಂಟು,
ಮುದುಕರ ಮೊಣಕಾಲಿನ ಹಾಗೆ.
ಚೀಟಿಯ ಮೇಲೆ ಯಾರದೋ ಮೋಡಿ ಅಕ್ಷರ:
ಚೋಪಚೀನಿ.

"ಎಲ್ಲಿಯದು ಅಂತ ಬರೆಯಲಿ?"
ಪುಂಡಲೀಕ ಬಾಳಿಗರು ತಕ್ಕಡಿಯಿಂದ ಕಣ್ಣೆತ್ತಲಿಲ್ಲ.
"ಬಂದರಿನದು."

ಹೆಸರಲ್ಲೇ ಇದೆಯಲ್ಲ ದೇಶ, ಅಂದೆ.
"ಚೀನಿಕಾಯಿಯಲ್ಲೂ ಇದೆ.
ನಿನ್ನೆ ಹುಳಿಗೆ ಹಾಕಿದೆಯಲ್ಲ,
ಪಾಸ್‌ಪೋರ್ಟು ಕೇಳಿದೆಯಾ?"

ಆಮೇಲೆ ತಾವಾಗಿಯೇ ಶುರುಮಾಡಿದರು.
ಇಲ್ಲಿಂದ ಶುಂಠಿ ಹೋಯಿತಂತೆ, ಮೆಣಸು ಹೋಯಿತಂತೆ;
ಅಲ್ಲಿಯ ವೈದ್ಯ ಯಾರದೋ ಶೀತಕ್ಕೆ
ನಮ್ಮ ಶುಂಠಿಯನ್ನು ತನ್ನದೇ ಅಂತ ಕುದಿಸಿದನಂತೆ.
ಅಲ್ಲಿಂದ ಇದು ಬಂತು, ಪರಂಗಿಯವರ ಹಡಗಿನಲ್ಲಿ,
ಪರಂಗಿ ಹುಣ್ಣಿನ ಬೆನ್ನಿಗೇ.
ರೋಗ ತಂದವರೇ ಮದ್ದೂ ತಂದರು,
ದುಡ್ಡು ಮಾತ್ರ ಮದ್ದಿಗೆ.
ನಮ್ಮ ಪಂಡಿತರೇನು ಕಡಿಮೆ? ಶ್ಲೋಕ ಹೊಸೆದು
ದ್ವೀಪಾಂತರ ವಚಾ ಎಂದು ಹೆಸರಿಟ್ಟರು:
ಆಚೆ ಕಡಲಿನ ಬಜೆ.
ಕೂಸಿಗೆ ಗೋತ್ರ ಸಿಕ್ಕಿತು.

"ಎಲ್ಲಿ ಓದಿದ್ದು?" ಕೇಳಿದೆ.
"ಓದಿದ್ದಲ್ಲ, ಅಜ್ಜ ಹೇಳಿದ್ದು.
ಅವನೂ ನೋಡಿದ್ದಲ್ಲ."

ಅಷ್ಟರಲ್ಲಿ ಬೆಂಗ್ರೆಯ ನೆಬಿಸಮ್ಮ ಬಂದರು,
ಬಲೆ ಹೆಣೆದು ಹೆಣೆದು ಬಾತ ಬೆರಳು.
ಚೀನಾ ಅನ್ನಲಿಲ್ಲ, ದ್ವೀಪಾಂತರ ಅನ್ನಲಿಲ್ಲ.
"ಹಾಲಲ್ಲಿ ಬೇಯಿಸುವ ಬೇರು ಕೊಡಿ,
ನಮ್ಮುಮ್ಮ ಕುಡಿಯುತ್ತಿದ್ದದ್ದು."
ಒಂದು ಚೂರು ಎತ್ತಿ ಮೂಸಿದರು,
ಮೀನು ಆರಿಸುವವರ ಗಾಂಭೀರ್ಯದಲ್ಲಿ.
"ಇದು ಹಳತು. ಒಳಗಿಂದ ಕೊಡಿ."
ಬಾಳಿಗರು ನಾಚಿ ಒಳಗೆ ಹೋದರು.

ನಾನು ಆ ಕಾಲಮ್ಮಿನಲ್ಲಿ 'ಬಂದರು' ಎಂದು ಒತ್ತಿದೆ.
ಕಂಪ್ಯೂಟರು ಕೆಂಪಾಯಿತು:
ಅಂಥ ದೇಶವಿಲ್ಲ.

ನೆಬಿಸಮ್ಮ ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿ,
ಐದು ರೂಪಾಯಿ ಕಡಿಮೆ ಕೊಟ್ಟು, ಜಗಳಾಡಿ,
ಫೆರಿಗೆ ಓಡಿದರು.
ಬೇರು ಮತ್ತೆ ನೀರಿನ ಮೇಲೆ ಹೊರಟಿತು.
ಈ ಸಲ ಆಚೆ ದಡ
ಅಂಗಡಿಯ ಮೆಟ್ಟಿಲಿನಿಂದಲೇ ಕಾಣುತ್ತಿತ್ತು.