ಎಷ್ಟು ಹಲ್ಲು

ದೀಪಾವಳಿಗೆ ಖಾಜಾಬಿ ಮಾರಿ ಬಿಟ್ಟ ಸೇಬಿನ ಖೋಕಾಗಳು
ಕಲಬುರಗಿ ಗಂಜಿನಲ್ಲಿ, ನಮ್ಮ ಅಂಗಡಿಯ ಹಿಂದಿನ ಗೋಡೆಗೆ
ಒಂದರ ಮೇಲೊಂದು. ಹಣ್ಣು ತಿಂದವರು ತಿಂದರು,
ಹಲಗೆ ಅಪ್ಪನಿಗೆ ಬಂತು.
ಪೈನ್ ಮರ, ಸೂಜಿಯಂಥ ಎಲೆ, ಅಂತ ನಾನು.
"ಹಗುರ ಕಟಗಿ. ಮೊಳಿ ಬಡದ್ರ ಸೀಳ್ತದ," ಅಂತ ಅಪ್ಪ.
ನಿಂತ ಪೈನ್ ಮರವನ್ನು ಇಬ್ಬರೂ ಕಂಡವರಲ್ಲ.

ಶಿವರಾತ್ರಿ ಕಳೆದು ಮೂರು ದಿನ.
ತೊಗಟೆ ಉಳಿದ ಒಂದು ಮೂಲೆಯಲ್ಲಿ
ತೊಗರಿಕಾಳಿಗಿಂತ ಚೂರು ಉದ್ದದ ಕಂದು ಗೂಡು.
ಅಪ್ಪ ಉಳಿ ತಾಗಿಸಬೇಕು, ಅಷ್ಟರಲ್ಲಿ
ಅದರ ತುದಿ ಡಬ್ಬಿಯ ಮುಚ್ಚಳದ ಹಾಗೆ ಗುಂಡಗೆ ಎದ್ದಿತು.
ಹೊರಬಂದವಳು ಕಣಜದ ಬಳಗ, ಆದರೆ ಸೊಂಟವೇ ಇಲ್ಲ.
ರೆಕ್ಕೆ ಒಣಗಿಸಲು ಮೂಲೆಮಟ್ಟದ ಮೇಲೆ ಕೂತಳು,
ನಾಲ್ಕನೇ ಇಂಚಿನ ಗೆರೆಯಲ್ಲಿ.

ನನ್ನದು ಬಿ.ಎಸ್ಸಿ. ಎರಡನೇ ವರ್ಷ. ಗೊತ್ತಿದ್ದುದನ್ನೆಲ್ಲ ಸುರಿದೆ:
"ಗರಗಸ ನೊಣ ಅಪ್ಪ. ಹೊಟ್ಟಿ ತುದಿಗೆ ಗರಗಸ ಇರ್ತದ,
ಎಲಿ ಕೊಯ್ದು ಒಂದೊಂದ ತತ್ತಿ ಇಡ್ತದ.
ಮರಿ ಗುಂಪುಗಟ್ಟಿ ಮೇಯ್ತಾವ, ಯಾರರೆ ಹತ್ರ ಬಂದ್ರ
ಎಲ್ಲಾ ಒಮ್ಮೆಲೆ ತಲಿ ಎತ್ತಿ ಮರದ ಅಂಟೇ ಉಗುಳ್ತಾವ.
ಗುಡ್ಡಕ್ಕ ಗುಡ್ಡ ಬೋಳಾಗ್ತದ, ಬೆಂಕಿ ಬಿದ್ದಾಂಗ."
ಗಂಡಿಲ್ಲದೆಯೂ ಇಡಬಲ್ಲಳು, ಆಗ ಹುಟ್ಟುವವೆಲ್ಲ ಗಂಡೇ,
ಇದನ್ನು ಮಾತ್ರ ಹೇಳಲಿಲ್ಲ.
ಅಪ್ಪನ ಕಿವಿ ಗರಗಸದಲ್ಲೇ ನಿಂತಿತ್ತು.
"ಎಷ್ಟು ಹಲ್ಲು?"
ಗೊತ್ತಿಲ್ಲ ಅಂದೆ.
"ಹಲ್ಲ ಎಣಸಲ್ದ ಏನ್ ಕಲಿಸ್ತಾರ ನಿಮಗ?"

ಆಮೇಲೆ ಎಲ್ಲಿಗೋ ಹೋಗಿ
ಕಚೇರಿ ಕಂಪೌಂಡಿನ ಸರ್ವೆ ಗಿಡದ ಟೊಂಗೆ ಮುರಿದು ತಂದ.
"ಸೂಜಿ ಅದಾವ, ನೋಡು."
ಅವು ಸೂಜಿಯಲ್ಲ, ಗಂಟುಗಂಟಿನ ಕಡ್ಡಿ ಎನ್ನಲು ಬಾಯಿ ಬರಲಿಲ್ಲ.
ಅವಳೇ ಹೇಳಿದಳು: ಮೀಸೆ ತಾಗಿಸಿದಳು, ಇಳಿದಳು.
ಬೇವಿನೆಲೆ ಇಟ್ಟೆವು. ಅದಕ್ಕೆ ಮೀಸೆಯನ್ನೂ ತಾಗಿಸಲಿಲ್ಲ.

ಮಧ್ಯಾಹ್ನ ತಗಡು ಕಾದು
ಹಲಗೆಯ ಗಂಟಿನಿಂದ ಅಂಟು ಒಂದು ಹನಿ ಜಿನುಗಿತು.
ಅಂಗಡಿಯಲ್ಲಿ ನಾವು ಯಾರೂ ಹೋಗದ ಊರಿನ ವಾಸನೆ.
ಅವಳು ನಡೆದೇ ಹೋದಳು,
ಅಪ್ಪ ಬೆಳಿಗ್ಗೆ ಅರ್ಧ ಕೊಯ್ದು ಬಿಟ್ಟ ಸೀಳಿನ ತನಕ.
ಅದರ ಅಂಚಿಗೆ ಹೊಟ್ಟೆ ಬಾಗಿಸಿ, ತಡೆದು, ಮತ್ತೆ ಬಾಗಿಸಿ.
ಅಪ್ಪ ರಂದಾ ಕೆಳಗಿಟ್ಟ.
ಎದುರಿನ ಹಮಾಲರು ಕೂಗುತ್ತಿದ್ದರು, ಲಾರಿ ಹಿಂದೆ ಸರಿಯುತ್ತಿತ್ತು.
ಅಸರ್‌ನ ಬಾಂಗ್ ಹೊತ್ತಿಗೆ ಕಾಲು ಮಡಚಿ ಬಿದ್ದಿದ್ದಳು.

ಬೆಂಕಿಪೊಟ್ಟಣದಲ್ಲಿ ಕಾಲೇಜಿಗೆ ಒಯ್ದೆ.
ಸೂಕ್ಷ್ಮದರ್ಶಕದ ಕೆಳಗೆ ಎರಡು ಸಲ ಎಣಿಸಿದೆ;
ಒಮ್ಮೆ ಹತ್ತು, ಒಮ್ಮೆ ಹನ್ನೊಂದು.
ರಾತ್ರಿ ಊಟಕ್ಕೆ ಕೂತಾಗ ಹೇಳಿದೆ.
ಅಪ್ಪ ರೊಟ್ಟಿ ಮುರಿಯುತ್ತ ಸ್ವಲ್ಪ ಹೊತ್ತು ಲೆಕ್ಕ ಹಾಕಿದ.
"ಎಲಿಗೆ ಸಾಕು," ಅಂದ. "ಕಟಗಿಗಿ ಆಗಂಗಿಲ್ಲ."

ಆ ಹಲಗೆ ಈಗ ಖಾಜಾಬಿಯ ತಕ್ಕಡಿಯ ಕೆಳಗಿನ ಸ್ಟೂಲು.
ಒಂದು ಕಾಲು ಗಿಡ್ಡ. ರಟ್ಟು ಮಡಚಿ ಇಟ್ಟಿದ್ದಾಳೆ.