ಎಡಗಡೆಯ ಸೀಟು

ಅಪ್ಪ ಹುಲ್ಲಿನ ಬೀಜ ಮಾರುತ್ತಿದ್ದ,
ಅಲ್ವರ್‌ಸ್ಟನ್ನಿನಿಂದ ಕೆಂಡಲ್‌ಗೆ, ಅಲ್ಲಿಂದ
ಗುಡ್ಡದಾಚೆಯ ಕುರಿಹಟ್ಟಿಗಳಿಗೆ,
ಇದೇ ಮೋರಿಸ್ ಟ್ರಾವೆಲರ್‌ನಲ್ಲಿ.
ಮುಂದೆ ತಗಡು, ಹಿಂದೆ ಮರದ ಚೌಕಟ್ಟು.
ಅರ್ಧ ಕಾರು, ಅರ್ಧ ಬೀರು
ಎಂದು ನಗುತ್ತಿದ್ದರು ಕುರಿಯವರು.

ಹಿಂದಿನ ಸೀಟಿನಲ್ಲಿ ನಾವಿಬ್ಬರು.
ಬಲಕ್ಕೆ ಹೆಸ್ಟರ್, ಮೊದಲು ಹುಟ್ಟಿದವಳು.
ಎಡಕ್ಕೆ ನಾನು,
ಎಡಗಡೆ ಸೋರುತ್ತಿತ್ತು, ಅದಕ್ಕೆ.

ಜಾರುವ ಗಾಜು, ಗಾಜಿನಡಿ ಒಂದು ತೋಡು,
ತೋಡಿನ ತುಂಬ ನಿನ್ನೆಯ ಮಳೆ.
ಕಾರು ಎಡಕ್ಕೆ ತಿರುಗಿದಾಗಲೆಲ್ಲ
ಒಂದು ಗುಟುಕು ನನ್ನ ಹೆಗಲಿಗೆ.
'ಒಂದು ಹನಿಗೆ ಇಷ್ಟು ರಂಪವೇ, ಮೇವಿಸ್?'
ಅಪ್ಪನ ಕಣ್ಣು, ಕನ್ನಡಿಯಲ್ಲಿ.
ಒಂದು ತೋಳು ಒದ್ದೆ, ಒಂದು ಒಣಗಿದ್ದು:
ಹಾಗೇ ಕಲಿತೆ ನಾನು ಮಗ್ಗಿ, ಭೂಗೋಳ, ಫ್ರೆಂಚು.

ಈಗ ನನಗೆ ಎಪ್ಪತ್ತೊಂದು. ಅವಳಿಗೆ ಎಪ್ಪತ್ತನಾಲ್ಕು,
ಈಗಲೂ ಸ್ಕ್ರೂಡ್ರೈವರ್ ಅವಳ ಕೈಯಲ್ಲೇ.
ನಾನು ಟಾರ್ಚು ಹಿಡಿಯುವವಳು.

ಪಾಚಿ ಒಂದೇ ಎಳೆತಕ್ಕೆ ಎದ್ದು ಬಂತು
ಒದ್ದೆ ಕಾಲುಚೀಲದ ಹಾಗೆ.
ಅದರಡಿ, ಕೊಳೆತ ಫೆಲ್ಟಿನೊಳಗೆ ಬೇರಿಳಿಸಿ,
ಹುಲ್ಲು. ಹಸಿರು, ಕಿರುಬೆರಳುದ್ದ.
ಚೀಲದಿಂದ ಎಂದೋ ಚೆಲ್ಲಿದ ಬೀಜದ
ಎಷ್ಟನೆಯ ಮೊಮ್ಮಗುವೋ.
'ನೂರಕ್ಕೆ ತೊಂಬತ್ತು ಮೊಳಕೆ ಅನ್ನುತ್ತಿದ್ದ,'
ಹೆಸ್ಟರ್ ಕನ್ನಡಕ ಏರಿಸಿದಳು,
'ಸುಳ್ಳು ಹೇಳುತ್ತಿರಲಿಲ್ಲ ಹಾಗಾದರೆ.'

ತೋಡಿನ ತಳದಲ್ಲಿ ಮೂರು ಕಂಡಿ,
ಬಂದ ನೀರು ಹೊರಗೆ ಹೋಗಲೆಂದು
ಕಾರು ಮಾಡಿದವರೇ ಕೊರೆದದ್ದು.
ಮೂರಕ್ಕೂ ಬಿರಡೆ.
ಅವಳು ಮೊಳೆಯಿಂದ ಮೀಟಿದಳು:
ಕಲ್ಲಾಗಿದ್ದ, ಇನ್ನೂ ತುಸು ಗುಲಾಬಿಯಾಗಿದ್ದ
ಬಬಲ್ ಗಮ್ಮು.

ಅವಳು ಗಮ್ಮು ನೋಡಿದಳು. ನನ್ನನ್ನು ನೋಡಿದಳು.
ನಾನು ಹುಲ್ಲು ನೋಡಿದೆ.

ಆಮೇಲೆ ಮಾತಿಲ್ಲದೆ ಕೆಲಸ.
ಮೆತ್ತಗಾದ ಮರ ಕೆತ್ತಿ ತೆಗೆದು,
ಆ್ಯಶ್ ಮರದ ಹೊಸ ತುಂಡು ಕೂಡಿಸಿ,
ಅಗಸೆ ಎಣ್ಣೆ ಮೂರು ಸಲ, ಮೂರು ದಿನ.
ಲಪ್ಪ ತುಂಬಿ, ಹೊಸ ಫೆಲ್ಟು ಹಾಸಿ,
ಹಿತ್ತಾಳೆ ತಿರುಪು ಬಿಗಿಯುವಾಗ ಅವಳು
ಪ್ರತಿ ಕಂಡಿಗೂ ಕಡ್ಡಿ ತೂರಿಸಿ ನೋಡಿದಳು,
ನನಗೆ ಕಾಣುವ ಹಾಗೆ, ನಿಧಾನವಾಗಿ.

ಭಾನುವಾರ ಪರೀಕ್ಷೆ.
ನಾನು ಒಳಗೆ, ನನ್ನ ಜಾಗದಲ್ಲಿ,
ತೊಡೆಯ ಮೇಲೆ ಹಳೆಯ ಪೇಪರು ಹರಡಿ.
ಅವಳು ಹೊರಗೆ, ಗುಲಾಬಿ ಗಿಡದ ಝಾರಿ ಎತ್ತಿ.

ಗಾಜಿನ ಮೇಲೆ ನೀರು. ಅದರಾಚೆ
ಅಲುಗಾಡುವ ಅಕ್ಕ. ಬಾಯಿ ತೆರೆಯುತ್ತದೆ, ಮುಚ್ಚುತ್ತದೆ,
ಒಂದಕ್ಷರ ಕೇಳುವುದಿಲ್ಲ.
ಹೆಗಲು ಮುಟ್ಟಿಕೊಂಡೆ: ಒಣಗಿದೆ.
ಪೇಪರು: ಒಣಗಿದೆ, ಕ್ರಿಕೆಟ್ಟಿನ ಅಂಕಿ ಸಮೇತ.
ಅರವತ್ತು ವರ್ಷದಲ್ಲಿ ಮೊದಲ ಸಲ
ಎಡಗಡೆಯಲ್ಲಿ ಕೂತು ಒಣಗಿದ್ದೇನೆ,
ಏನೋ ಕಳೆದುಹೋದ ಹಾಗೆ ತಡಕಿದೆ.

ಅವಳು ಮತ್ತೆ ಏನೋ ಕೇಳುತ್ತಿದ್ದಾಳೆ.
'ಸೋರುತ್ತಿಲ್ಲ!' ಕೂಗಿದೆ. ಕಿವಿಗೆ ಕೈಯಿಟ್ಟಳು.
'ಸೋರುತ್ತಿಲ್ಲ, ಹೆಸ್ಟರ್!'
ತಲೆಯಾಡಿಸಿದಳು, ಕೇಳುತ್ತಿಲ್ಲವೆಂದು.

ಹೇಳಲೇಬೇಕಲ್ಲ.
ಗಾಜಿಗೆ ಎರಡು ಬೆರಳು ಕೊಟ್ಟು ಜಾರಿಸಿದೆ,
ಬೆಣ್ಣೆಯಂತೆ ಸರಿಯಿತು.

ಅವಳು ಝಾರಿ ಇಳಿಸಲಿಲ್ಲ.