ಬಾಗಿಲು ಕಾಯುವವನು ಹೇಳಿದ್ದು

ಹೌದು, ಅವನನ್ನು ಹೊರಗೆ ದಬ್ಬಿದವನು ನಾನೇ.
ಫೆರಾರಾದ ಹಳೇ ಉಪ್ಪಿನ ಉಗ್ರಾಣದಲ್ಲಿ
ಆಟವಿದ್ದ ರಾತ್ರಿ ಬಾಗಿಲು ಕಾಯುವುದು,
ತಲೆಗೆರಡು ಕಾಸು ಎಣಿಸುವುದು ನನ್ನ ಕೆಲಸ.

ಹನ್ನೊಂದು ಚಳಿಗಾಲ ಕೇಳಿದ್ದೇನೆ ತೊನ್ಯೋಲೊನನ್ನು.
ಅವರದು ಬರೆದಿಟ್ಟ ಮಾತಲ್ಲ; ಪರದೆಯ ಹಿಂದೆ
ಮೊಳೆಗೆ ಸಿಕ್ಕಿಸಿದ ಒಂದೇ ಹಾಳೆ:
ಆಳು ಬರುತ್ತಾನೆ, ಹಸಿದಿದ್ದಾನೆ. ಅಷ್ಟೇ.
ಅಷ್ಟರಲ್ಲೇ ಅರ್ಧ ರಾತ್ರಿ ಕಳೆಯುತ್ತಿದ್ದ.
ಗಿಟಾರಿನ ತಂತಿ ಹರಿದರೆ
ಅದನ್ನೇ ಶಾವಿಗೆಯೆಂದು ಸುರ್ರನೆ ಹೀರಿ
ಉಪ್ಪು ಕಮ್ಮಿಯೆಂದು ಗೋಡೆ ನೆಕ್ಕುತ್ತಿದ್ದ.

ಮತ್ತೆ ಆ ಬಾಯಿ!
ತುಟಿ ಬಿಗಿದರೆ ಹಿತ್ತಾಳೆ ತುತ್ತೂರಿ,
ಕೆನ್ನೆ ಉಬ್ಬಿಸಿದರೆ ಕೆಸರಲ್ಲಿ ಹೂತ ಬಿಷಪ್ಪನ ಗಾಡಿ.
ಮೇಲುಸ್ವರಕ್ಕೆ ಏರಿ, ಏರಿ, ಇನ್ನೇನು ಮುಟ್ಟಿತು ಅನ್ನುವಾಗ
ಮೂಗಿನಲ್ಲೊಂದು ಸಣ್ಣ ಕೊಂಕು,
ಕೋಳಿ ತನ್ನ ಮೊಟ್ಟೆಯನ್ನು ತಾನೇ ಕಂಡು ಬೆರಗಾದ ಹಾಗೆ.

ಮುಖ? ಮುಖ ಕಂಡವರಾರು.
ಕಪ್ಪು ತೊಗಲಿನ ಮುಖವಾಡ, ಹಣೆಯ ಮೇಲೊಂದು ಬುಗುಟು,
ಬೆವರು ಕುಡಿದು ಕುಡಿದು ಅವನಷ್ಟೇ ಸುಕ್ಕಾದದ್ದು.
ಹೆಂಡತಿ ಓರ್ಸೊಲಾ ಹೇಳುತ್ತಿದ್ದಳು:
ಈರುಳ್ಳಿಗೆ ಚೌಕಾಸಿ ಮಾಡಿದರೆ ಬೈಸಿಕೊಂಡು ಬರುತ್ತಾನೆ,
ತುತ್ತೂರಿ ಊದಿದರೆ ಮೂರು ಹೆಚ್ಚಿಗೆ ತರುತ್ತಾನೆ.

ಆಮೇಲೆ ಮುಂದಿನ ಹಲ್ಲೆರಡು ಹೋದವು.
ಗಾಳಿ ಸೋರಿತು. ತುತ್ತೂರಿ
ಬಿಸಿ ಸಾರು ಆರಿಸುವ ಸದ್ದಾಯಿತು.
ಮುಖವಾಡ ಬ್ರೆಶಾದ ಹುಡುಗನೊಬ್ಬನ ಪಾಲಾಯಿತು,
ಒಂದು ಜೊತೆ ಬೂಟಿಗೆ ಬದಲು.

ಆ ರಾತ್ರಿ ಹುಡುಗ ಚೆನ್ನಾಗೇ ಊದಿದ.
ಏರಿದ, ಏರಿದ, ನೆಟ್ಟಗೆ ಮುಟ್ಟಿಯೇಬಿಟ್ಟ.
ಕೊಂಕಿಲ್ಲ, ಕೋಳಿಯಿಲ್ಲ.
ಜನ ಚಪ್ಪಾಳೆ ತಟ್ಟಿದರು; ನಗಲಿಲ್ಲ.
ಆಗ ಹಿಂದಿನ ಬೆಂಚಿನಿಂದ ಎದ್ದಿತು
ತೂತುಬಿದ್ದ, ಸೋರುವ ಒಂದು ಪೋಂ,
ತುದಿಯಲ್ಲಿ ಸರಿಯಾಗಿ ಅದೇ ತಪ್ಪು.

ಯಾವನೋ ಮುದುಕ, ಕುಡಿದಿರಬೇಕು ಅಂದುಕೊಂಡೆ.
ಕತ್ತಿನ ಪಟ್ಟಿ ಹಿಡಿದೆ. ಕೊಸರಲಿಲ್ಲ.
ಕಾಲಲ್ಲಿ ಒಳ್ಳೆಯ ಬೂಟಿತ್ತು, ನೋಡಬೇಕಿತ್ತು ನಾನು.
ಕಾಸು ಕೊಟ್ಟಿದ್ದೇನಪ್ಪಾ, ಅಂದ,
ಅದೂ ಪಿಸುಮಾತಲ್ಲಿ, ಆಟ ಕೆಡಬಾರದೆಂದು.

ಬಾಗಿಲು ಮುಚ್ಚಿ ಕೂತೆ.
ಒಳಗೆ ಹುಡುಗ ಎರಡನೇ ಸಲ ಏರುತ್ತಿದ್ದ,
ಹೆದರುತ್ತ, ಕೊಂಕಿಗೆ ತಡಕಾಡುತ್ತ.
ಹೊರಗೆ ಕಾಲುವೆಯ ಮಂಜಿನಲ್ಲಿ
ಯಾರೋ ಊದುತ್ತ ಹೋಗುತ್ತಿದ್ದರು;
ಬಾತುಗಳು ಒಂದೊಂದಾಗಿ ಓಗೊಟ್ಟವು.

ಆಗ ಗೊತ್ತಾಯಿತು ನನಗೆ.
ಪೆಟ್ಟಿಗೆಯಿಂದ ಎರಡು ಕಾಸು ತೆಗೆದುಕೊಂಡು ಓಡಿದೆ.
ಸೇತುವೆ ಬರಿದು. ಕತ್ತಲ ತುಂಬ ಪೋಂ, ಪೋಂ.
ಯಾವುದು ಬಾತು, ಯಾವುದು ಅವನು?
ಬಿಸಿಯಾಗುತ್ತಿದ್ದ ಕಾಸು ಮುಷ್ಟಿಯಲ್ಲಿ ಹಿಡಿದು
ಕಿವಿಗೊಟ್ಟು ನಿಂತೆ,
ಕೊಂಕಿಗಾಗಿ.